ವಿದ್ಯಾರ್ಥಿನಿ ಬಂದು ಹೇಳಿಕೊಂಡಾಗ: ಕಾಲೇಜು, ವಿಶ್ವವಿದ್ಯಾಲಯದ ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಬೋಧಕರು, ಕಚೇರಿ ಗುಮಾಸ್ತರು, ಹಾಸ್ಟೆಲ್ ವಾರ್ಡನ್‌ಗಳು, ಗ್ರಂಥಾಲಯದವರು, ಸೆಕ್ಯುರಿಟಿಯವರು, ದೌರ್ಜನ್ಯಕ್ಕೆ ಒಳಗಾದ ವಿದ್ಯಾರ್ಥಿನಿ ಬಂದು ಹೇಳಿಕೊಂಡಾಗ ಹೇಗೆ ಕೇಳಿಸಿಕೊಳ್ಳಬೇಕು ಎಂಬ ತರಬೇತಿಯಲ್ಲಿ ಎದ್ದುನಿಂತು ಕೇಳುವ, ಮುಗಿದ ಮೇಲೆ ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದು ಕೇಳುವ, ಆಮೇಲೆ ಪತ್ರ ಬರೆದು ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೆಚ್ಚಿನ ಕಡೆ ‘ವಿದ್ಯಾರ್ಥಿನಿ’ ಎಂದು ಬರೆದಿದ್ದರೂ ಹುಡುಗರಿಗೂ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೂ ದೌರ್ಜನ್ಯ ಆಗುತ್ತದೆ. ಕೇಳಿಸಿಕೊಳ್ಳುವ ಕ್ರಮ ಎಲ್ಲರಿಗೂ ಒಂದೇ.

## ಮೊದಲಿಗೆ

ನಾನು ಅಕೌಂಟ್ಸ್ ಸೆಕ್ಷನ್ನಿನವನು. ನನ್ನ ಹತ್ರ ಯಾರು ಬಂದು ಇದನ್ನೆಲ್ಲ ಹೇಳ್ತಾರೆ? ಈ ತರಬೇತಿ ನನಗ್ಯಾಕೆ?

ಹುದ್ದೆ ನೋಡಿಕೊಂಡು ಯಾರೂ ಮನಸ್ಸು ಬಿಚ್ಚುವುದಿಲ್ಲ. ದಿನಾ ನೋಡುವ ಮುಖ, ಒಮ್ಮೆ ಗದರದೆ ಮಾತಾಡಿಸಿದ ಮುಖ, ಇಷ್ಟು ಸಾಕು. ಕೌನ್ಸೆಲರ್ ಕೋಣೆಯ ಬಾಗಿಲು ತಟ್ಟಿದರೆ ನಾಲ್ಕು ಜನ ನೋಡುತ್ತಾರೆ. ಫೀಸ್ ಕೌಂಟರಿನ ಮುಂದೆ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ನೋ ಡ್ಯೂಸ್ ಫಾರಂ ಹಿಡಿದು ಬಂದವಳು ಸಹಿ ಹಾಕಿಕೊಟ್ಟ ಮೇಲೂ ಹೋಗದೆ ಫಾರಂನ ಮೂಲೆ ಮಡಚುತ್ತಾ, ಬಿಚ್ಚುತ್ತಾ ನಿಂತಿರುತ್ತಾಳೆ. “ಸರ್, ಮಧ್ಯದಲ್ಲಿ ಬಿಟ್ಟುಹೋದ್ರೆ ಫೀಸ್ ವಾಪಸ್ ಬರುತ್ತಾ?” ಎಂದು ಕೇಳುತ್ತಾಳೆ. ಇದು ಫೀಸಿನ ಪ್ರಶ್ನೆ ಆಗಿರಬಹುದು, ಆಗಿರದೆಯೂ ಇರಬಹುದು. “ರೂಲ್ಸ್ ಇದು” ಎಂದು ಹೇಳಿ ಮುಗಿಸಿದರೆ ಅವಳು ಅಲ್ಲಿಂದ ಹೋಗುತ್ತಾಳೆ. “ಅದರ ವಿವರ ಹೇಳ್ತೀನಿ. ಯಾಕಮ್ಮ, ಓದು ಬಿಡೋ ಅಂಥದ್ದು ಏನಾದ್ರೂ ಆಗಿದ್ಯಾ?” ಎಂದರೆ ಒಂದು ಬಾಗಿಲು ತೆರೆದ ಹಾಗೆ.

ಇದು ಸಂಸ್ಥೆಯ ಹೊಣೆಯೂ ಹೌದು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾಡಿದ 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅಧಿಕಾರಿಗಳಿಗೆ, ಬೋಧಕರಿಗೆ, ವಿದ್ಯಾರ್ಥಿಗಳಿಗೆ ತರಬೇತಿ ನಡೆಸಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ.

ಹುಡುಗಿ ನೇರವಾಗಿ ಏನೂ ಹೇಳ್ಲಿಲ್ಲ. ಅವಳು ಹೇಳಿಕೊಳ್ತಿದ್ದಾಳೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?

‘ಲೈಂಗಿಕ ಕಿರುಕುಳ’ ಎಂಬ ಪದ ಅವರ ಬಾಯಲ್ಲಿ ಬರುವುದು ತೀರಾ ಅಪರೂಪ. “ಆ ಸರ್ ಸರಿ ಇಲ್ಲ.” “ಒಂಥರಾ ನೋಡ್ತಾರೆ.” “ಆ ಲ್ಯಾಬಿಗೆ ಒಬ್ಬಳೇ ಹೋಗಲ್ಲ ಮಿಸ್.” “ಬ್ಯಾಚ್ ಚೇಂಜ್ ಮಾಡಿಕೊಡಿ, ಕಾರಣ ಕೇಳ್ಬೇಡಿ.” “ನನ್ನ ಫ್ರೆಂಡ್ ಒಬ್ಬಳಿಗೆ ಹಿಂಗಾಗಿದೆ.” ಈ ಕೊನೆಯ ಮಾತಿನಲ್ಲಿರುವ ಫ್ರೆಂಡ್ ಎಷ್ಟೋ ಸಲ ಅವಳೇ ಆಗಿರುತ್ತಾಳೆ. “ಆ ಫ್ರೆಂಡ್ ನೀನೇನಾ?” ಎಂದು ಹಿಡಿಯಲು ಹೋಗಬೇಡಿ. “ನಿನ್ನ ಫ್ರೆಂಡಿಗೆ ಹೀಗೆ ಹೇಳು” ಎಂದು ಅವಳು ಹಾಕಿಕೊಟ್ಟ ದಾರಿಯಲ್ಲೇ ಮಾತಾಡಿ.

ನಮ್ಮ ಸೀಮೆಯ ಒಂದು ಪದದ ಬಗ್ಗೆ ವಿಶೇಷ ಎಚ್ಚರ ಬೇಕು: ‘ಹಿಂಸೆ’. ಮೈಸೂರು, ಮಂಡ್ಯದ ಮಾತಿನಲ್ಲಿ ಬಿಸಿಲೂ ಹಿಂಸೆ, ಬಸ್ಸಿನ ನೂಕುನುಗ್ಗಲೂ ಹಿಂಸೆ, ಅಜೀರ್ಣವೂ ಹಿಂಸೆ. ಹಾಗಾಗಿ “ಅವರ ಕ್ಲಾಸಲ್ಲಿ ಕೂರೋಕೆ ಹಿಂಸೆ ಆಗುತ್ತೆ” ಎಂದಾಗ ಪಾಠ ಬೋರು ಎಂದುಕೊಂಡು ನಕ್ಕುಬಿಡುವುದು ಸುಲಭ. “ಹಿಂಸೆ ಅಂದ್ರೆ ಹೆಂಗಮ್ಮ?” ಎಂದು ಒಂದೇ ಒಂದು ಸಲ ಕೇಳಿ, ಸುಮ್ಮನಿರಿ. ಹಾಗೆಯೇ ‘ಟಾರ್ಚರ್’, ‘ಡಿಸ್ಟರ್ಬ್ ಮಾಡ್ತಾನೆ’, ‘ಚುಡಾಯಿಸ್ತಾರೆ’. ಇವೆಲ್ಲ ಮೈ ಮುಟ್ಟಿದ್ದನ್ನೋ ಹಿಂಬಾಲಿಸಿದ್ದನ್ನೋ ಮುಚ್ಚಿ ಹೇಳುವ ಮಾತುಗಳಾಗಿರಬಹುದು.

ಲಿಂಗಾಧಾರಿತ ದೌರ್ಜನ್ಯ ಅಂದ್ರೆ ರೇಪ್ ಮಾತ್ರನಾ?

ಅಲ್ಲ. ಒಪ್ಪಿಗೆಯಿಲ್ಲದೆ ಮುಟ್ಟುವುದು, ಲೈಂಗಿಕ ಬಣ್ಣದ ಮಾತು, ಅಂಕ ಅಥವಾ ಪಿಎಚ್‌ಡಿ ಸಹಿಗೆ ಪ್ರತಿಯಾಗಿ ಬೇಡಿಕೆ, ಹಿಂಬಾಲಿಸುವುದು, ಕದ್ದು ಚಿತ್ರ ತೆಗೆಯುವುದು, ಪ್ರೀತಿಸಿದವನ ಹೊಡೆತ, ಮನೆಯಲ್ಲಿ ಬಲವಂತದ ಮದುವೆಯ ಒತ್ತಡ ಎಲ್ಲವೂ ಸೇರುತ್ತವೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮಹಿಳೆಯರಿಗೆ ಮಾತ್ರ. ಯುಜಿಸಿ ನಿಯಮಾವಳಿ ಎಲ್ಲ ಲಿಂಗದ ವಿದ್ಯಾರ್ಥಿಗಳ ಮೇಲಿನ ದೌರ್ಜನ್ಯದ ವಿರುದ್ಧ ಕ್ರಮ ಕೈಗೊಳ್ಳುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿದೆ. “ನೀನು ಹುಡುಗ, ನಿಂಗೇನಾಗುತ್ತೆ” ಎಂಬ ಮಾತಿಗೆ ಯಾವ ನಿಯಮದ ಆಸರೆಯೂ ಇಲ್ಲ.

## ಎದುರಿಗೆ ಕೂತಾಗ

ಮೊದಲ ಹತ್ತು ನಿಮಿಷ ಏನು ಮಾಡ್ಬೇಕು? ಒಂದೊಂದಾಗಿ ಹೇಳಿ.

ಮಾಡುತ್ತಿರುವ ಕೆಲಸ ನಿಲ್ಲಿಸಿ. ಫೋನನ್ನು ಮಗುಚಿ ಇಡಿ. ಹೊರಗೆ ಮಾತು ಕೇಳದ, ಆದರೆ ಅವಳಿಗೆ ಎದ್ದುಹೋಗಲು ಸುಲಭವಾದ ಜಾಗ ಹುಡುಕಿ, ಬಾಗಿಲ ಕಡೆಯ ಕುರ್ಚಿಯನ್ನು ಅವಳಿಗೆ ಕೊಡಿ. ನಡುವೆ ಮೇಜು ಬೇಡ. ಒಂದು ಲೋಟ ನೀರು ಕೊಡಿ. ಆದರೆ ಘಟನೆ ನಡೆದು ಕೆಲವೇ ಗಂಟೆಗಳಾಗಿದ್ದು ಬಾಯಿಗೆ ಸಂಬಂಧಿಸಿದ ಹಿಂಸೆ ಆಗಿರುವ ಸಾಧ್ಯತೆ ಇದ್ದರೆ, ನೀರು ಕುಡಿದರೆ ವೈದ್ಯಕೀಯ ಸಾಕ್ಷ್ಯ ತೊಳೆದುಹೋಗಬಹುದು ಎಂದು ಮೊದಲೇ ತಿಳಿಸಿ. ಆಮೇಲೆ ಅವಳಿಷ್ಟ.

ಮೊದಲ ಪ್ರಶ್ನೆ ಒಂದೇ: “ಈಗ ನೀನು ಸುರಕ್ಷಿತವಾಗಿದ್ದೀಯಾ? ಇವತ್ತು ರಾತ್ರಿ ಎಲ್ಲಿರ್ತೀಯ?” ಉಳಿದದ್ದು ಕಾಯಬಹುದು, ಇದು ಕಾಯುವುದಿಲ್ಲ.

ಆಮೇಲೆ ಅವಳು ಹೇಳಿದಷ್ಟನ್ನು ಕೇಳಿ. ಮೌನ ಬಂದರೆ ಬರಲಿ. ಹತ್ತು ಸೆಕೆಂಡಿನ ಮೌನ ನಮಗೆ ಹತ್ತು ನಿಮಿಷ ಅನ್ನಿಸುತ್ತದೆ, ಆ ಚಡಪಡಿಕೆಯಲ್ಲೇ ನಾವು ಬುದ್ಧಿಮಾತಿಗೆ ಇಳಿಯುತ್ತೇವೆ. ಹೇಳಬೇಕಾದ ಮಾತು ಮೂರೇ: “ಹೇಳಿದ್ದು ಒಳ್ಳೇದಾಯ್ತು.” “ಇದರಲ್ಲಿ ನಿನ್ನ ತಪ್ಪಿಲ್ಲ.” “ಮುಂದೇನು ಮಾಡ್ಬೇಕು ಅನ್ನೋದು ನಿನ್ನ ಕೈಲಿದೆ, ದಾರಿಗಳು ಯಾವ್ಯಾವು ಅಂತ ನಾನು ಹೇಳ್ತೀನಿ.” ಹೇಳಬಾರದ ಮಾತುಗಳೂ ಗೊತ್ತಿರಲಿ: “ಅಷ್ಟೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ದೆ?”, “ಆವಾಗ್ಲೇ ಯಾಕೆ ಹೇಳ್ಲಿಲ್ಲ?”, “ಅವರು ಹಂಗಲ್ಲ, ನಂಗೆ ಇಪ್ಪತ್ತು ವರ್ಷದಿಂದ ಗೊತ್ತು”, “ಮರೆತುಬಿಡು, ಓದಿನ ಕಡೆ ಗಮನ ಕೊಡು”, “ನನ್ನ ಮಗಳಿಗೆ ಆಗಿದ್ರೆ ಕೊಂದೇಬಿಡ್ತಿದ್ದೆ.” ಕೊನೆಯದು ಪ್ರೀತಿಯಿಂದಲೇ ಬರುತ್ತದೆ. ಆದರೆ ಅದನ್ನು ಕೇಳಿದವಳು, ಇನ್ನು ಇವರನ್ನು ಸಮಾಧಾನ ಮಾಡುವುದೇ ನನ್ನ ಕೆಲಸ ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಏಳುವ ಮುಂಚೆ ಇಬ್ಬರಿಗೂ ಒಂದು ವಿಷಯ ಖಚಿತವಾಗಿರಲಿ: ಮತ್ತೆ ಯಾವಾಗ, ಎಲ್ಲಿ, ಹೇಗೆ ಮಾತು. “ಬೇಕಾದ್ರೆ ಬಾ” ಸಾಲದು. “ನಾಳೆ ಹನ್ನೊಂದಕ್ಕೆ ಇಲ್ಲೇ ಇರ್ತೀನಿ. ಈ ನಂಬರಿಗೆ ಮೆಸೇಜ್ ಹಾಕ್ಬಹುದಾ, ಮನೇಲಿ ಯಾರಾದ್ರೂ ಫೋನ್ ನೋಡ್ತಾರಾ?” ಎಂದು ಕೇಳಿ.

“ಯಾರಿಗೂ ಹೇಳ್ಬೇಡಿ ಮೇಡಂ, ಪ್ರಾಮಿಸ್ ಮಾಡಿ” ಅಂತಾಳೆ. ಮಾತು ಕೊಡ್ಲಾ?

ಉಳಿಸಿಕೊಳ್ಳಲಾಗದ ಮಾತು ಕೊಡಬೇಡಿ. ಅವಳು ಪೂರ್ತಿ ಹೇಳುವ ಮೊದಲೇ ಮಿತಿ ಯಾವುದು ಎಂದು ಹೇಳಿಬಿಡುವುದು ನ್ಯಾಯ. ಹೀಗೆ ಹೇಳಬಹುದು: “ನೀನು ಹೇಳಿದ್ದು ಸ್ಟಾಫ್ ರೂಮಿಗಾಗ್ಲಿ ನಿನ್ನ ಮನೆಗಾಗ್ಲಿ ಹೋಗಲ್ಲ. ಆದ್ರೆ ನಿನಗೆ ಹದಿನೆಂಟು ತುಂಬಿಲ್ಲದಿದ್ರೆ, ಅಥವಾ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಈಗಲೇ ಅಪಾಯ ಇದ್ರೆ, ನಾನು ಹೇಳಲೇಬೇಕಾಗುತ್ತೆ. ಹಾಗೆ ಹೇಳೋ ಮುಂಚೆ ನಿನಗೆ ತಿಳಿಸ್ತೀನಿ.” ಇದನ್ನು ಕೇಳಿ ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಲಿ. ಎಲ್ಲ ಹೇಳಿಸಿಕೊಂಡು ಆಮೇಲೆ “ನಾನು ರಿಪೋರ್ಟ್ ಮಾಡ್ಲೇಬೇಕು” ಅಂದರೆ, ಆದ ಮೋಸದ ಮೇಲೆ ಇನ್ನೊಂದು ಮೋಸ ಆದಂತೆ.

ನಿಜಾನೋ ಸುಳ್ಳೋ ಅಂತ ನಾನು ಸ್ವಲ್ಪ ವಿಚಾರಿಸ್ಬಾರ್ದಾ? ಒಬ್ಬರ ಮಾನದ ಪ್ರಶ್ನೆ ಅಲ್ವಾ?

ವಿಚಾರಣೆಗೆ ಸಂಸ್ಥೆಯ ಆಂತರಿಕ ದೂರು ಸಮಿತಿ ಇದೆ, ಅಪರಾಧಕ್ಕೆ ಪೊಲೀಸರಿದ್ದಾರೆ. ನಿಮ್ಮ ಕೆಲಸ ಕೇಳಿಸಿಕೊಂಡು ದಾರಿ ತೋರಿಸುವುದು. ಇದು ಆರೋಪಕ್ಕೆ ಒಳಗಾದವರಿಗೂ ಒಳ್ಳೆಯದು. ನೀವು ಅವರನ್ನು ಕರೆದು “ಏನ್ ಸರ್ ಇದು?” ಎಂದು ಕೇಳಿದ ಕ್ಷಣವೇ ಸಾಕ್ಷಿಗಳ ಮೇಲೆ ಒತ್ತಡ ಬರುತ್ತದೆ, ಮೆಸೇಜುಗಳು ಅಳಿಸಿಹೋಗುತ್ತವೆ, ಹುಡುಗಿಗೆ ಬೆದರಿಕೆ ತಲುಪುತ್ತದೆ. ಜೊತೆಗೆ ಮುಂದೆ ನಡೆಯುವ ನಿಜವಾದ ವಿಚಾರಣೆಯೇ ಹಾಳಾಗುತ್ತದೆ. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ಆತುರದಿಂದ ವಿಚಾರಣೆ ಮುಗಿಸಿತು, ಆರೋಪಿಗೆ ಸಾಕಷ್ಟು ಅವಕಾಶ ಸಿಗಲಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮೇ 12ರಂದು ಇಡೀ ವಿಷಯವನ್ನು ಸಮಿತಿಗೇ ವಾಪಸ್ ಕಳಿಸಿತು. ವರ್ಷಗಟ್ಟಲೆ ಕಾದ ದೂರುದಾರರಿಗೆ ಅದು ಎಂಥ ಪೆಟ್ಟು ಎಂದು ಯೋಚಿಸಿ.

ಇನ್ನೊಂದು ಮಾತು. ಭಯದಲ್ಲಿ ನಡೆದದ್ದು ನೆನಪಿನಲ್ಲಿ ಕ್ರಮವಾಗಿ ಕೂತಿರುವುದಿಲ್ಲ. ಗೋಡೆಯ ಬಣ್ಣ ನೆನಪಿರುತ್ತದೆ, ದಿನಾಂಕ ಮರೆತಿರುತ್ತದೆ. ಕೂಗಲಿಲ್ಲ, ಓಡಲಿಲ್ಲ, ಮರಗಟ್ಟಿ ನಿಂತುಬಿಟ್ಟೆ ಎನ್ನುವವರು ಬಹಳ. ಕೆಲವರು ನಗುತ್ತಾ ಹೇಳುತ್ತಾರೆ. ಇದ್ಯಾವುದೂ ಸುಳ್ಳಿನ ಗುರುತಲ್ಲ. ದೂರು ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ ಎಂದು 2013ರ ಕಾಯ್ದೆಯೂ ಹೇಳುತ್ತದೆ.

ಮನೆಯವರಿಗೆ ಹೇಳದಿದ್ರೆ ನಾಳೆ ನಮ್ಮ ತಲೆಗೇ ಬರಲ್ವಾ?

ಹದಿನೆಂಟು ತುಂಬಿದವಳು ಕಾನೂನಿನ ಕಣ್ಣಲ್ಲಿ ವಯಸ್ಕಳು. ಅವಳ ಒಪ್ಪಿಗೆ ಇಲ್ಲದೆ ಮನೆಗೆ ಫೋನ್ ಮಾಡಬೇಡಿ. ನಮ್ಮ ಕಡೆ ಹಾಗೆ ಮಾಡಿದ ಫೋನಿನ ಪರಿಣಾಮ ಏನೆಂದು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು: “ಸಾಕು ಓದಿದ್ದು, ಮನೆಗೆ ಬಾ.” ಎರಡು ತಿಂಗಳಲ್ಲಿ ಗಂಡು ಗೊತ್ತಾಗಿರುತ್ತದೆ. ತಪ್ಪು ಮಾಡಿದವನು ಅದೇ ಬೆಂಚಿನಲ್ಲಿ ಡಿಗ್ರಿ ಮುಗಿಸುತ್ತಾನೆ. ಮೊದಲ ತಲೆಮಾರಿನ ವಿದ್ಯಾರ್ಥಿನಿಯರು ಹೇಳಿಕೊಳ್ಳದೆ ಇರುವುದಕ್ಕೆ ಈ ಭಯವೇ ದೊಡ್ಡ ಕಾರಣ. “ಮನೇಲಿ ನಿನ್ನ ಪರ ನಿಲ್ಲೋರು ಯಾರಿದ್ದಾರೆ?” ಎಂದು ಕೇಳಿ. ಅಕ್ಕ, ಸೋದರತ್ತೆ, ಅಜ್ಜಿ ಯಾರಾದರೂ ಇರಬಹುದು. ಅವರನ್ನು ಸಂಪರ್ಕಿಸುವುದೂ ಅವಳು ಹೂಂ ಅಂದರೆ ಮಾತ್ರ.

ಏನಾದ್ರೂ ಬರೆದಿಟ್ಕೋಬೇಕಾ?

ಹೌದು, ಅವಳು ಹೋದ ಮೇಲೆ, ಅದೇ ದಿನ. ಅವಳೆದುರು ಪೆನ್ನು ಹಿಡಿದರೆ ಮಾತು ಹೇಳಿಕೆಯಾಗಿಬಿಡುತ್ತದೆ. ದಿನಾಂಕ, ಸಮಯ, ಜಾಗ, ಅವಳು ಬಳಸಿದ ಪದಗಳು ಇದ್ದಹಾಗೆ, ನೀವು ಕೊಟ್ಟ ಮಾಹಿತಿ, ಅವಳು ಬೇಕೆಂದದ್ದು, ಬೇಡವೆಂದದ್ದು ಇವಿಷ್ಟೇ. “ಗಾಬರಿಯಾಗಿದ್ದಳು” ಎನ್ನುವುದರ ಬದಲು “ಕೈ ನಡುಗುತ್ತಿತ್ತು” ಎಂದು ಬರೆಯಿರಿ. ಅಭಿಪ್ರಾಯ ಬೇಡ. ಒಂದೇ ಪ್ರತಿ, ಬೀಗ ಹಾಕಿದ ಕಡೆ. ಆಫೀಸಿನ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಬೇಡ, ವಿಭಾಗದ ವಾಟ್ಸ್‌ಆಪ್ ಗ್ರೂಪಿನಲ್ಲಂತೂ ಹೆಸರಿಲ್ಲದೆಯೂ ಬೇಡ. “ನಮ್ಮ ಎರಡನೇ ಬಿಎಸ್ಸಿ ಹುಡುಗಿಯೊಬ್ಬಳು” ಎಂದರೆ ಮೂವತ್ತು ಜನರ ತರಗತಿಯಲ್ಲಿ ಹೆಸರು ಹೇಳಿದಷ್ಟೇ ಆಯಿತು.

ಮೆಸೇಜು, ಕಾಲ್ ಲಾಗ್, ಇಮೇಲ್ ಅಳಿಸಬೇಡ ಎಂದು ಅವಳಿಗೆ ಹೇಳಿ. ಸ್ಕ್ರೀನ್‌ಶಾಟಿನಲ್ಲಿ ನಂಬರು, ದಿನಾಂಕ ಕಾಣುವಂತಿರಲಿ. ಅವಳ ಖಾಸಗಿ ಚಿತ್ರಗಳನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ.

ನಾನು ಗಂಡಸು. ಬಾಗಿಲು ಹಾಕಿ ಕೂತ್ರೆ ನನ್ನ ಮೇಲೇ ಮಾತು ಬರಲ್ವಾ?

ಬಾಗಿಲು ಅರ್ಧ ತೆರೆದಿರಲಿ, ಅಥವಾ ಗಾಜಿನ ಕಿಟಕಿ ಇರುವ ಕೋಣೆಯಲ್ಲಿ ಕೂರಿ. ಕಾಣಬೇಕು, ಕೇಳಿಸಬಾರದು. “ಒಬ್ಬ ಮೇಡಂನ ಕರೀಲಾ, ಅಥವಾ ನನ್ನ ಹತ್ರನೇ ಹೇಳ್ತೀಯಾ?” ಎಂದು ಕೇಳಿ, ಅವಳು ಹೇಳಿದ ಹಾಗೆ ಮಾಡಿ. “ನಾನು ಗಂಡಸು, ಮೇಡಂ ಹತ್ರ ಹೋಗು” ಎಂದು ಸಾಗಹಾಕಬೇಡಿ. ಎಲ್ಲ ಬಿಟ್ಟು ನಿಮ್ಮನ್ನು ನಂಬಿ ಬಂದಿದ್ದಾಳೆ. ಬೆನ್ನು ತಟ್ಟುವುದು, ತಲೆ ಸವರುವುದು ಬೇಡ. ಹೆಂಗಸರಾಗಿದ್ದರೂ ಕೇಳಿಯೇ ಕೈ ಹಿಡಿಯಿರಿ.

ಅವಳಿಗೆ ಕನ್ನಡ ಸರಿಯಾಗಿ ಬರಲ್ಲ. ಜೊತೆಗಿರೋ ಹುಡುಗಿಯಿಂದ ಟ್ರಾನ್ಸ್‌ಲೇಟ್ ಮಾಡಿಸ್ಲಾ?

ಬೇಡ. ಮೈಸೂರಿನಲ್ಲಿ ಉರ್ದು, ಮಲಯಾಳಂ, ಟಿಬೆಟನ್ ಮನೆಮಾತಿನವರು, ವಿದೇಶಿ ವಿದ್ಯಾರ್ಥಿಗಳು ಎಲ್ಲ ಇದ್ದಾರೆ. ಸಣ್ಣ ಸಮುದಾಯದಲ್ಲಿ ಸಹಪಾಠಿಗೆ ತಿಳಿದದ್ದು ಸಂಜೆಯೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿದ, ಬೇರೆ ವಿಭಾಗದ ದುಭಾಷಿಗಳ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಮಾಡಿಡಿ. ಸನ್ನೆಭಾಷೆಯವರೂ ಅದರಲ್ಲಿರಲಿ.

## ಮುಂದಿನ ದಾರಿಗಳು

ಆಂತರಿಕ ದೂರು ಸಮಿತಿಗೆ ಹೋದ್ರೆ ಏನೇನಾಗುತ್ತೆ? ಎಷ್ಟು ದಿನ?

ಘಟನೆ ನಡೆದ, ಅಥವಾ ಸರಣಿಯಾಗಿದ್ದರೆ ಕೊನೆಯದು ನಡೆದ 3 ತಿಂಗಳೊಳಗೆ ಲಿಖಿತ ದೂರು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲಾಗದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕೆಲಸ. ಕನ್ನಡದಲ್ಲೇ ಬರೆಯಬಹುದು. ಯುಜಿಸಿ ನಿಯಮದಂತೆ ದೂರಿನ ಪ್ರತಿ 7 ದಿನದೊಳಗೆ ಎದುರುಪಕ್ಷಕ್ಕೆ ಹೋಗುತ್ತದೆ, ಅವರಿಗೆ ಉತ್ತರಿಸಲು 10 ದಿನ, ವಿಚಾರಣೆ 90 ದಿನದೊಳಗೆ, ವರದಿ ಅಲ್ಲಿಂದ 10 ದಿನದೊಳಗೆ, ಮೇಲ್ಮನವಿ ಇಲ್ಲದಿದ್ದರೆ 30 ದಿನದಲ್ಲಿ ಕ್ರಮ.

ದೂರಿನ ಪ್ರತಿ ಆತನಿಗೆ ಹೋಗುತ್ತದೆ ಎಂಬುದನ್ನು ದೂರು ಕೊಡುವ ಮೊದಲೇ ಅವಳಿಗೆ ಹೇಳಿ. ಇದನ್ನು ಯಾರೂ ಹೇಳಿರುವುದಿಲ್ಲ. ಏಳನೇ ದಿನ ಅವನ ಕೈಗೆ ಕಾಗದ ಸಿಕ್ಕಾಗ ಆಗುವ ಆಘಾತಕ್ಕೆ ಎಷ್ಟೋ ದೂರುಗಳು ವಾಪಸಾಗುತ್ತವೆ.

ಸಮಿತಿ ಸರಿಯಾಗಿದೆಯೇ ಎಂದೂ ನೋಡಿ. ಅಧ್ಯಕ್ಷರು ಹಿರಿಯ ಬೋಧಕಿ ಆಗಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಬೋಧಕೇತರ ಸಿಬ್ಬಂದಿಯೂ ಹೊರಗಿನ ಒಬ್ಬ ಸದಸ್ಯರೂ ಇರಬೇಕು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಗೋಡೆಯ ಮೇಲಿನ ಬೋರ್ಡಿನಲ್ಲಿ ನಿವೃತ್ತರಾದವರ ಹೆಸರು, ಬಳಕೆಯಲ್ಲಿಲ್ಲದ ನಂಬರು ಇದ್ದರೆ ತರಬೇತಿಗೆ ಮುಂಚೆ ಅದನ್ನು ಬದಲಿಸಿ.

ಆರೋಪ ಇರೋದು ಅವಳ ಪಿಎಚ್‌ಡಿ ಗೈಡ್ ಮೇಲೆ. ತೀರ್ಮಾನ ಆಗೋ ತನಕ ಅವಳು ಅವರ ಕೆಳಗೇ ಇರ್ಬೇಕಾ?

ಬೇಕಿಲ್ಲ. ಮಧ್ಯಂತರ ಪರಿಹಾರ ಕೇಳಲು ಅವಕಾಶವಿದೆ: ಆತ ಅವಳ ಪರೀಕ್ಷೆ, ಮೌಲ್ಯಮಾಪನ, ಪ್ರಗತಿ ವರದಿ ಮುಟ್ಟದಂತೆ ತಡೆಯುವುದು, ಯಾರಾದರೊಬ್ಬರ ವಿಭಾಗ ಬದಲಾವಣೆ, ದೂರವಿರುವಂತೆ ಎಚ್ಚರಿಕೆ, ಸೌಲಭ್ಯಗಳಿಗೆ ಧಕ್ಕೆಯಾಗದಂತೆ 3 ತಿಂಗಳವರೆಗೆ ರಜೆ. ದೂರಿನ ಜೊತೆಗೇ ಇದನ್ನೂ ಬರೆದುಕೊಡಲು ಹೇಳಿ. ಫೆಲೋಶಿಪ್ ಬಿಲ್ಲಿಗೆ ಗೈಡಿನ ಸಹಿ ಬೇಕಾಗುವ ಕಡೆ ಯಾರು ಸಹಿ ಹಾಕುತ್ತಾರೆ ಎಂಬುದನ್ನೂ ಅದೇ ಆದೇಶದಲ್ಲಿ ಸೇರಿಸಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳು ಮತ್ತೆ ಅದೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಸ್ಥಳ ಬದಲಿಸುವಾಗ ಅವಳನ್ನೇ ಎಬ್ಬಿಸುವುದು ನಮ್ಮ ಅಭ್ಯಾಸ. ಮೊದಲು ಆತನನ್ನು ಸರಿಸಲು ಸಾಧ್ಯವೇ ನೋಡಿ.

ನಿನ್ನೆ ರಾತ್ರಿ ನಡೆದಿದೆ ಅಂತಾಳೆ. ಮೊದಲು ಪೊಲೀಸಾ, ಆಸ್ಪತ್ರೆಯಾ?

ಅತ್ಯಾಚಾರವಾಗಿದ್ದರೆ ಮೊದಲು ಆಸ್ಪತ್ರೆ. ಎಫ್‌ಐಆರ್ ಇಲ್ಲ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ ಉಚಿತವಾಗಿ ಚಿಕಿತ್ಸೆ ಕೊಡಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ಅದೇ ಕಲಂ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕೆಂದೂ ಹೇಳುತ್ತದೆ. ಹೊರಡುವ ಮೊದಲೇ ಅವಳಿಗೆ ಇದು ಗೊತ್ತಿರಲಿ. ಮೈಸೂರಿನಲ್ಲಿ ಚೆಲುವಾಂಬ ಮತ್ತು ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವ ಜಾಗಗಳು.

ಗಂಟೆಗಳ ಲೆಕ್ಕ ಮುಖ್ಯ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯುತ್ತದೆ. ತುರ್ತು ಗರ್ಭನಿರೋಧಕವನ್ನು ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು, 72 ಗಂಟೆಯೊಳಗೆ ಉತ್ತಮ. ದೇಹದ ಮೇಲಿನ ಸಾಕ್ಷ್ಯವನ್ನು ಸಾಮಾನ್ಯವಾಗಿ 96 ಗಂಟೆಯವರೆಗೆ ಸಂಗ್ರಹಿಸುತ್ತಾರೆ. ಸ್ನಾನ ಮಾಡಿದ್ದರೂ ಹೋಗಬಹುದು, “ಇನ್ನೇನು ಪ್ರಯೋಜನ” ಎನ್ನಬೇಡಿ. ಬಟ್ಟೆ ಬದಲಿಸಿದ್ದರೆ ಒಗೆಯದೆ ಕಾಗದದ ಕವರಿನಲ್ಲಿ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಕೆಡುತ್ತದೆ. ಪರೀಕ್ಷೆಯ ಪ್ರತಿ ಹಂತಕ್ಕೂ ಅವಳ ಒಪ್ಪಿಗೆ ಬೇಕು. ಮೊದಲೇ ಲೈಂಗಿಕ ಸಂಪರ್ಕ ಇತ್ತೇ ಎಂದು ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ. ಜೊತೆಗೆ ಹೋಗುವವರು ಫೋನ್ ಚಾರ್ಜರ್, ಒಂದು ಜೊತೆ ಬಟ್ಟೆ, ಸ್ಯಾನಿಟರಿ ಪ್ಯಾಡ್, ಸ್ವಲ್ಪ ದುಡ್ಡು ಇಟ್ಟುಕೊಳ್ಳಿ. ಅಲ್ಲಿ ಕಾಯುವುದು ಗಂಟೆಗಟ್ಟಲೆ ಆಗಬಹುದು.

ಬಸ್ಸಲ್ಲೋ ಊರಲ್ಲೋ ನಡೆದದ್ದಕ್ಕೆ ಕಾಲೇಜಿಗೇನು ಸಂಬಂಧ?

ಕೇಳಿಸಿಕೊಳ್ಳುವುದಕ್ಕೆ ಗಡಿ ಇಲ್ಲ. ಸಮಿತಿಯ ವ್ಯಾಪ್ತಿಗೂ ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ಗಡಿ ಇದೆ. ಎನ್‌ಎಸ್‌ಎಸ್ ಶಿಬಿರ, ಪ್ರವಾಸ, ಇಂಟರ್ನ್‌ಶಿಪ್, ಕ್ರೀಡಾಕೂಟ, ಸಾಂಸ್ಕೃತಿಕ ಉತ್ಸವ ಎಲ್ಲವನ್ನೂ ಯುಜಿಸಿ ಕ್ಯಾಂಪಸ್ ಎಂದೇ ಪರಿಗಣಿಸುತ್ತದೆ. ದಸರೆಗೆ ಮುಂಚೆ ಯುವ ಸಂಭ್ರಮಕ್ಕೆಂದು ಮಾನಸಗಂಗೋತ್ರಿಗೆ ಕಾಲೇಜಿನ ತಂಡ ಬಂದಿದ್ದರೆ ಅದೂ ಸೇರಿತು.

ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ನಡೆದದ್ದಕ್ಕೆ ಮೈಸೂರಿನ ಠಾಣೆಯಲ್ಲೂ ದೂರು ಕೊಡಬಹುದು. “ನಮ್ಮ ಸರಹದ್ದಲ್ಲ” ಎನ್ನುವಂತಿಲ್ಲ, ಜೀರೋ ಎಫ್‌ಐಆರ್ ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಲೈಂಗಿಕ ಅಪರಾಧವಾದರೆ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಮನೆಯೊಳಗಿನ ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಅದು ಹೆಂಡತಿಗಷ್ಟೇ ಅಲ್ಲ, ಮಗಳಿಗೂ ಅನ್ವಯಿಸುತ್ತದೆ. ನೆನಪಿನಲ್ಲಿರಬೇಕಾದ ನಂಬರುಗಳು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವು 15100, ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಆಸ್ಪತ್ರೆ, ಪೊಲೀಸ್, ವಕೀಲರು, ತಂಗಲು ಜಾಗ ಎಲ್ಲಕ್ಕೂ ಒಂದೇ ಕಡೆ ನೆರವು ಸಿಗಲೆಂದು ಇರುವುದು ‘ಸಖಿ’ ಕೇಂದ್ರ.

ಫೋಟೋ, ವಿಡಿಯೋ ಇಟ್ಕೊಂಡು ಬೆದರಿಸ್ತಿದ್ದಾನೆ. ದುಡ್ಡು ಕೊಟ್ಟು ಮುಗಿಸ್ಲಾ ಅಂತಾಳೆ.

ಕೊಡಬಾರದು. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಬ್ಲಾಕ್ ಮಾಡುವ ಮೊದಲು ಪ್ರೊಫೈಲಿನ ಲಿಂಕು, ನಂಬರು, ಬೆದರಿಕೆಯ ಮೆಸೇಜುಗಳನ್ನು ಉಳಿಸಿಕೊಳ್ಳಬೇಕು. ಅಕೌಂಟ್ ಡಿಲೀಟ್ ಮಾಡಿದರೆ ಸಾಕ್ಷ್ಯವೂ ಹೋಗುತ್ತದೆ. ಸೈಬರ್ ಅಪರಾಧಕ್ಕೆ 1930 ಮತ್ತು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇವೆ. “ಅಂಥ ಫೋಟೋ ಯಾಕೆ ಕಳಿಸಿದೆ?” ಎಂಬ ಪ್ರಶ್ನೆ ಬಾಯಿಗೆ ಬಂದರೆ ನುಂಗಿಬಿಡಿ. ನಂಬಿ ಕಳಿಸಿದ್ದು ಅಪರಾಧವಲ್ಲ, ಹಂಚುವುದು ಅಪರಾಧ.

ಅವಳಿಗಿನ್ನೂ ಹದಿನೇಳು ಅಂತ ಆಮೇಲೆ ಗೊತ್ತಾಯ್ತು.

ಮೊದಲ ವರ್ಷದ ಡಿಗ್ರಿಯಲ್ಲಿ ಇದು ಆಗುತ್ತಲೇ ಇರುತ್ತದೆ, ಪಿಯು ಇರುವ ಸಂಯುಕ್ತ ಕಾಲೇಜುಗಳಲ್ಲಂತೂ ದಿನದ ಮಾತು. ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ಅಪರಾಧ ಪೋಕ್ಸೊ ಕಾಯ್ದೆಗೆ ಬರುತ್ತದೆ. ತಿಳಿದವರು ಯಾರೇ ಆಗಲಿ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ಹೇಳಲೇಬೇಕು. ಹೇಳದಿದ್ದರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ 1 ವರ್ಷದವರೆಗೆ ಜೈಲು ಸಾಧ್ಯ. ಪ್ರಿನ್ಸಿಪಾಲರಿಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ. ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆ ಇದೆ. ಅವಳಿಗೆ ತಿಳಿಸಿ, ಯಾವಾಗ, ಯಾರ ಜೊತೆ ಎಂಬಷ್ಟನ್ನಾದರೂ ಅವಳ ಮಾತಿನಂತೆ ನಡೆಸಿ. ಮಕ್ಕಳ ಸಹಾಯವಾಣಿ 1098.

ಇಬ್ಬರನ್ನೂ ಕೂರಿಸಿ ಮಾತಾಡಿಸಿದ್ರೆ ಬಗೆಹರಿಯಲ್ವಾ? ಊರಲ್ಲಿ ನ್ಯಾಯ ಮಾಡೋದೇ ಹಂಗೆ.

ಜಮೀನಿನ ಬದುವಿನ ವ್ಯಾಜ್ಯಕ್ಕೆ ಅರಳಿಕಟ್ಟೆ ಆದೀತು, ಇದಕ್ಕಾಗದು. ಎದುರು ಕೂರಿಸಿದಾಗ ಒಬ್ಬರ ಕೈಯಲ್ಲಿ ಅಂಕ, ಹೆಸರು, ಜಾತಿ, ಬಲ ಎಲ್ಲ ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ಏನೂ ಇರುವುದಿಲ್ಲ. ರಾಜಿಗೆ ನಿಯಮದಲ್ಲಿ ಜಾಗವಿದೆ. ಆದರೆ ಅವಳೇ ಕೇಳಿದರೆ, ಸಮಿತಿಯ ಮೂಲಕವೇ, ದುಡ್ಡಿನ ಮಾತಿಲ್ಲದೆ ಮಾತ್ರ. “ಕ್ಷಮೆ ಕೇಳಿಸಿದ್ದೀವಿ, ಇಲ್ಲಿಗೆ ಬಿಡು” ಎಂದು ವಿಭಾಗದ ಕೋಣೆಯಲ್ಲಿ ನಡೆಯುವುದು ರಾಜಿಯಲ್ಲ. ದೂರು ಮುಚ್ಚಿಹಾಕುವ ಕೆಲಸ ಅದು.

ಜಾತಿಯ ವಿಷಯ ಬಂದಿತಲ್ಲ, ಅದನ್ನೂ ಹೇಳಬೇಕು. ದಲಿತ, ಆದಿವಾಸಿ ವಿದ್ಯಾರ್ಥಿನಿಯ ಮೇಲೆ ಬೇರೆ ಸಮುದಾಯದವನು ಮಾಡಿದ ಲೈಂಗಿಕ ದೌರ್ಜನ್ಯಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಬಹುದು. ದೂರಿನಲ್ಲಿ ಜಾತಿ ನಿಂದನೆಯ ಮಾತುಗಳಿದ್ದರೆ ‘ಅದು ಬೇಡ ಬಿಡಿ’ ಎಂದು ತೆಗೆಸಬೇಡಿ.

## ತರಬೇತಿ ನಡೆಸುವವರಿಗೆ

ಎಷ್ಟು ಹೊತ್ತು, ಎಷ್ಟು ಜನ? ಸೆಮಿನಾರ್ ಹಾಲಲ್ಲಿ ಇನ್ನೂರು ಜನಕ್ಕೆ ಒಂದೇ ಸಲ ಮಾಡ್ಬಹುದಾ?

ಕಾನೂನು ಹೇಳಿ ಮುಗಿಸುವುದಾದರೆ ಮಾಡಬಹುದು, ಕೇಳಿಸಿಕೊಳ್ಳುವುದನ್ನು ಕಲಿಸಲಾಗದು. 20ರಿಂದ 24 ಜನ, ಇಬ್ಬರು ತರಬೇತುದಾರರು, ಮೂರೂವರೆ ಗಂಟೆಯ ಎರಡು ಅರ್ಧ ದಿನ, ನಡುವೆ ಒಂದು ವಾರದ ಅಂತರ ಇಡಿ. ಆರು ತಿಂಗಳಿಗೆ ಒಂದು ಗಂಟೆಯ ಮರುಪಾಠ. ಬೋಧಕರನ್ನೂ ಅಟೆಂಡರುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಅಟೆಂಡರುಗಳು ಬಾಯಿ ಬಿಡುವುದಿಲ್ಲ. ಹಾಸ್ಟೆಲ್, ಸೆಕ್ಯುರಿಟಿ, ಸ್ವಚ್ಛತಾ ಸಿಬ್ಬಂದಿಗೆ ಬೇರೆ ತಂಡ ಮಾಡಿ, ಆಡುಮಾತಿನಲ್ಲಿ, ಸ್ಲೈಡುಗಳಿಲ್ಲದೆ ನಡೆಸಿ. ರಾತ್ರಿ ಹತ್ತರ ಮೇಲೆ ವಿದ್ಯಾರ್ಥಿನಿಯರು ತಟ್ಟುವುದು ಅವರ ಬಾಗಿಲನ್ನೇ ತಾನೆ. ಪಾಳಿಯ ಸಮಯ ಕೇಳಿಕೊಂಡು ದಿನ ಗೊತ್ತು ಮಾಡಿ, ರಜೆಯ ದಿನ ಕರೆಸಬೇಡಿ.

ಅಭಿನಯ ಮಾಡ್ಸಿದ್ರೆ ಎಲ್ಲ ನಗ್ತಾರೆ. ಹೆಂಗೆ ಮಾಡೋದು?

ವೇದಿಕೆಗೆ ಕರೆದರೆ ನಗು ಬಂದೇ ಬರುತ್ತದೆ. ಮೂವರ ಗುಂಪು ಮಾಡಿ: ಹೇಳುವವರು, ಕೇಳುವವರು, ನೋಡುವವರು. ಎಲ್ಲ ಗುಂಪುಗಳೂ ಒಂದೇ ಹೊತ್ತಿಗೆ ಮಾತಾಡಿದರೆ ಪ್ರೇಕ್ಷಕರೇ ಇರುವುದಿಲ್ಲ. ಹೇಳುವವರಿಗೆ ನಾಲ್ಕೈದು ಸಾಲಿನ ಚೀಟಿ ಕೊಡಿ. ಉದಾಹರಣೆಗೆ: “ಹಾಸ್ಟೆಲ್ ಬಿಡುವ ಅರ್ಜಿ ಕೊಡಲು ಬಂದಿದ್ದೀರಿ. ಮೆಸ್ಸಿನವನೊಬ್ಬ ಸ್ನಾನದ ಮನೆ ಹತ್ತಿರ ನಿಲ್ಲುತ್ತಾನೆ. ಎರಡು ಸಲ ಕೇಳಿದರಷ್ಟೇ ಹೇಳಿ. ‘ಯಾಕೆ’ ಎಂಬ ಪದ ಕೇಳಿದರೆ ಮಾತು ನಿಲ್ಲಿಸಿ.” ಆರು ನಿಮಿಷ ಮಾತು, ನಾಲ್ಕು ನಿಮಿಷ ವಿಮರ್ಶೆ, ಪಾತ್ರ ಬದಲು, ಮೂರು ಸುತ್ತು. ಅತ್ಯಾಚಾರದ ಸನ್ನಿವೇಶ ಅಭಿನಯಕ್ಕೆ ಬೇಡ.

ನೋಡುವವರ ಕೈಯಲ್ಲಿ ಒಂದು ಹಾಳೆ: ‘ಯಾಕೆ’ ಎಷ್ಟು ಸಲ ಬಂತು, ಮೌನ ಮುರಿದವರು ಯಾರು, ಎಷ್ಟನೇ ನಿಮಿಷಕ್ಕೆ ಸಲಹೆ ಶುರುವಾಯಿತು, ಗುಟ್ಟಿನ ಮಿತಿ ಹೇಳಿದರೇ, ಮುಂದಿನ ಭೇಟಿ ಗೊತ್ತಾಯಿತೇ. ಗೆರೆ ಎಳೆದು ಲೆಕ್ಕ ಹಾಕಲಿ. ಮೊದಲ ಸುತ್ತಿನಲ್ಲಿ ಎರಡನೇ ನಿಮಿಷಕ್ಕೇ ಸಲಹೆ ಶುರುಮಾಡುವವರು, ತಮ್ಮ ಹಾಳೆ ತಾವೇ ನೋಡಿದ ಮೇಲೆ ಮೂರನೇ ಸುತ್ತಿಗೆ ತಾನಾಗಿ ನಿಧಾನವಾಗುತ್ತಾರೆ. ಉಪನ್ಯಾಸದಿಂದ ಈ ಬದಲಾವಣೆ ಬರುವುದನ್ನು ನಾವು ಕಂಡಿಲ್ಲ.

ತರಬೇತಿ ಮಧ್ಯೆ ನಮ್ಮ ಸಿಬ್ಬಂದಿಯೊಬ್ಬರೇ ಅತ್ತುಬಿಟ್ರು. ಏನು ಮಾಡ್ಬೇಕಿತ್ತು?

ಇದನ್ನು ಮೊದಲೇ ನಿರೀಕ್ಷಿಸಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5, 2019–21) ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಿಮ್ಮ ಕೋಣೆಯಲ್ಲಿ ಕೂತವರೂ ಅವರೇ. ಆರಂಭದಲ್ಲೇ ಹೇಳಿ: ಯಾರು ಬೇಕಾದರೂ ಕಾರಣ ಹೇಳದೆ ಎದ್ದುಹೋಗಬಹುದು, ಸ್ವಂತ ಅನುಭವ ಹೇಳಿ ಎಂದು ಯಾರನ್ನೂ ಕೇಳುವುದಿಲ್ಲ. ಇಬ್ಬರು ತರಬೇತುದಾರರು ಬೇಕೆಂದದ್ದು ಇದಕ್ಕೇ. ಒಬ್ಬರು ತರಬೇತಿ ಮುಂದುವರಿಸಬೇಕು, ಇನ್ನೊಬ್ಬರು ಹೊರಗೆ ಹೋದವರ ಹತ್ತಿರ ಕೂರಬೇಕು. ಎಲ್ಲರೆದುರು ಸಮಾಧಾನ ಮಾಡಬೇಡಿ.

ತರಬೇತಿ ಆದ್ಮೇಲೆ ದೂರು ಜಾಸ್ತಿ ಆಯ್ತು. “ಇಷ್ಟು ದಿನ ಸರಿಯಾಗೇ ಇತ್ತು” ಅಂತ ಮೇಲಿನವರು ಸಿಟ್ಟಾಗಿದ್ದಾರೆ.

ಮೊದಲೂ ನಡೆಯುತ್ತಿತ್ತು, ಈಗ ಹೇಳುತ್ತಿದ್ದಾರೆ. ‘ಶೂನ್ಯ ದೂರು’ ಎಂದು ವಾರ್ಷಿಕ ವರದಿಯಲ್ಲಿ ಬರೆಯುವುದು ಹೆಮ್ಮೆಯ ಸಂಗತಿಯಲ್ಲ ಎಂಬುದನ್ನು ಆಡಳಿತಕ್ಕೆ ತರಬೇತಿಗೆ ಮುಂಚೆಯೇ ಮನದಟ್ಟು ಮಾಡಿ. ದೂರಿನ ಸಂಖ್ಯೆಯ ಜೊತೆ ಬೇರೆ ಲೆಕ್ಕವೂ ಇಡಿ: ಮೊದಲು ಹೇಳಿಕೊಂಡ ದಿನದಿಂದ ಮಧ್ಯಂತರ ಪರಿಹಾರ ಸಿಕ್ಕ ದಿನಕ್ಕೆ ಎಷ್ಟು ಅಂತರ, ದೂರು ಕೊಟ್ಟವರಲ್ಲಿ ಎಷ್ಟು ಮಂದಿ ಮುಂದಿನ ಸೆಮಿಸ್ಟರಿಗೆ ಫೀಸ್ ಕಟ್ಟಿದರು. ಎರಡನೆಯದು ಓದು ನಿಂತಿತೋ ಉಳಿಯಿತೋ ಎಂದು ಹೇಳುತ್ತದೆ.

ಕೇಳಿಸಿಕೊಂಡಾಗಿಂದ ನಂಗೇ ನಿದ್ದೆ ಬರ್ತಿಲ್ಲ. ಅವಳು ದೂರು ಬೇಡ ಅಂದ್ಲು, ನಾನು ಸುಮ್ಮನಿದ್ದುಬಿಟ್ನಲ್ಲ ಅನ್ಸುತ್ತೆ.

ಅವಳ ನಿರ್ಧಾರಕ್ಕೆ ಬೆಲೆ ಕೊಟ್ಟಿದ್ದೀರಿ, ಸುಮ್ಮನಿದ್ದದ್ದಲ್ಲ. ಮೂರು ತಿಂಗಳ ಗಡುವು ಯಾವಾಗ ಮುಗಿಯುತ್ತದೆ ಎಂದು ಅವಳಿಗೆ ಒಮ್ಮೆ ನೆನಪಿಸಿ, ಒತ್ತಾಯ ಬೇಡ. ನಿಮಗಾಗಿ ಸಮಿತಿಯ ಅಧ್ಯಕ್ಷರ ಹತ್ತಿರವೋ ಕೌನ್ಸೆಲರ್ ಹತ್ತಿರವೋ ಅವಳ ಗುರುತು ಹೇಳದೆ ಮಾತಾಡಿ. ಟೆಲಿ ಮಾನಸ್ 14416 ಸಿಬ್ಬಂದಿಗೂ ಇದೆ. ಒಬ್ಬರೇ ಹೊರುವ ಹಾಗೆ ಆಗದಿರಲು ಪ್ರತಿ ಕಟ್ಟಡದಲ್ಲಿ ತರಬೇತಿ ಪಡೆದವರು ಇಬ್ಬರಾದರೂ ಇರಲಿ. ನಾಳೆ ಹನ್ನೊಂದಕ್ಕೆ ಬರ್ತೀನಿ ಎಂದವಳು ಬರದಿದ್ದರೆ ಅವಳು ಒಪ್ಪಿದ ರೀತಿಯಲ್ಲೇ ಒಂದು ಸಾಲು ಕಳಿಸಿ: “ನಾನು ಇಲ್ಲೇ ಇದ್ದೀನಿ, ಗುರುವಾರವೂ ಇರ್ತೀನಿ.” ಗುರುವಾರ ಇರಿ.